ಮಾರ್ವೆಲ್ ರೈವಲ್ಸ್: ಹೀಲರ್ ಆಡುವವಳ ಮಾತು

ಮೊದಲೇ ಹೇಳಿಬಿಡುತ್ತೇನೆ, ಮಾರ್ವೆಲ್ ಕಾಮಿಕ್ಸ್‌ನ ಹೀರೋಗಳಾಗಿ ಆನ್‌ಲೈನ್‌ನಲ್ಲಿ ಕಾದಾಡುವ ವಿಡಿಯೋ ಗೇಮ್ ಮಾರ್ವೆಲ್ ರೈವಲ್ಸ್ ಒಳ್ಳೆಯ ಆಟ. ಪುಕ್ಕಟೆ ಸಿಗುತ್ತದೆ ಅಂತ ರಿಯಾಯಿತಿ ಕೊಟ್ಟು ಹೇಳುತ್ತಿರುವ ಮಾತಲ್ಲ. ದುಡ್ಡು ಕೊಟ್ಟು ಕೊಂಡ ಎಷ್ಟೋ ಆಟಗಳಿಗಿಂತ ಜಾಸ್ತಿ ಸಂಜೆಗಳನ್ನು ಇದಕ್ಕೆ ಕೊಟ್ಟಿದ್ದೇನೆ. ಇದುವರೆಗೆ ಒಂದು ರೂಪಾಯಿಯನ್ನೂ ಹಾಕಿಲ್ಲ.

ಈ ಆಟದ ಬಗ್ಗೆ ಮಾತಾಡುವವರಲ್ಲಿ ಅರ್ಧ ಜನ ಓವರ್‌ವಾಚ್ ಅನ್ನೋ ಇದೇ ಥರದ ಇನ್ನೊಂದು ಆಟದ ಜೊತೆ ಹೋಲಿಸುತ್ತಾರೆ, ಉಳಿದ ಅರ್ಧ ಜನ ಸಿನಿಮಾ ಜೊತೆ. ಎರಡೂ ಬೇಡ ಅನ್ನೋದು ನನ್ನ ಅಭಿಪ್ರಾಯ. ಕಥೆ ಇಲ್ಲಿ ನೆಪಕ್ಕೆ ಮಾತ್ರ. ಡಾಕ್ಟರ್ ಡೂಮ್ ಅನ್ನೋ ವಿಲನ್ ಇದ್ದಾನೆ, ಈಗಿನ ಕಾಲದ ಡೂಮ್‌ಗೂ 2099ರ ಡಾಕ್ಟರ್ ಡೂಮ್‌ಗೂ ಜಗಳ ಹತ್ತಿ ಕಾಲವೇ ಸಿಕ್ಕುಸಿಕ್ಕಾಗಿದೆ. ಅದಕ್ಕೇ ಬೇರೆ ಬೇರೆ ಲೋಕದ ಹೀರೋಗಳು, ವಿಲನ್‌ಗಳು ಎಲ್ಲರೂ ಒಂದೇ ಕಡೆ ಬಂದು ಬಿದ್ದಿದ್ದಾರೆ. ಅಷ್ಟು ಗೊತ್ತಿದ್ದರೆ ಸಾಕು. ಆರು ಜನ ಈ ಕಡೆ, ಆರು ಜನ ಆ ಕಡೆ, ಹತ್ತು ಹದಿನೈದು ನಿಮಿಷದ ಕಾದಾಟ. ಹಾಗಾಗಿ ನಾನು ಇದಕ್ಕೆ ಕೇಳುವ ಪ್ರಶ್ನೆ ಎರಡೇ. ಆ ಹದಿನೈದು ನಿಮಿಷದಲ್ಲಿ ನನ್ನಿಂದ ತಂಡಕ್ಕೆ ಏನಾದರೂ ಆಯಿತಾ? ಕಾಸು ಹಾಕಿದವರು ನನಗಿಂತ ಗಟ್ಟಿಯಾದರಾ?

ಎರಡನೆಯದಕ್ಕೆ ಉತ್ತರ ಸುಲಭ. ಇಲ್ಲ. ಚೀನಾದ ನೆಟ್‌ಈಸ್ ಕಂಪನಿ ಇದನ್ನು 2024ರ ಡಿಸೆಂಬರ್ 6ರಂದು ಬಿಟ್ಟಾಗ 33 ಹೀರೋಗಳಿದ್ದರು. ಮೊದಲ ದಿನವೇ 33 ಜನರೂ ಎಲ್ಲರಿಗೂ ಸಿಕ್ಕರು. ಆಮೇಲೆ ಬಂದವರೂ ಹಾಗೆಯೇ. 2025ರ ಜನವರಿಯಲ್ಲಿ ಮಿಸ್ಟರ್ ಫೆಂಟಾಸ್ಟಿಕ್, ಇನ್ವಿಸಿಬಲ್ ವುಮನ್, ಫೆಬ್ರವರಿಯಲ್ಲಿ ಥಿಂಗ್, ಹ್ಯೂಮನ್ ಟಾರ್ಚ್, ಏಪ್ರಿಲ್‌ನಲ್ಲಿ ಎಮ್ಮಾ ಫ್ರಾಸ್ಟ್. ಯಾರನ್ನೂ ಬೀಗ ಹಾಕಿ ಇಟ್ಟಿರಲಿಲ್ಲ. ಬಂದ ದಿನವೇ ಆಡಬಹುದಿತ್ತು. ಮೂರೇ ದಿನದಲ್ಲಿ 1 ಕೋಟಿ ಜನ ಈ ಆಟಕ್ಕೆ ಬಂದಿದ್ದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ. ದುಡ್ಡು ಕೊಟ್ಟರೆ ಸಿಗೋದು ವೇಷ ಮಾತ್ರ, ಅಂದರೆ ಸ್ಕಿನ್. ಅದರಿಂದ ಏಟಿನ ತೂಕ ಏರೋದಿಲ್ಲ, ಓಟವೂ ಜೋರಾಗೋದಿಲ್ಲ.

ಆಟ ಕೆಲವು ತಿಂಗಳಿಗೊಂದು ಸೀಸನ್ ಅಂತ ನಡೆಯುತ್ತದೆ. ಆಡುತ್ತಾ ಹೋದ ಹಾಗೆ ವೇಷದಂಥ ಬಹುಮಾನ ಕೊಡುವ ಆ ಸೀಸನ್‌ನ ಬ್ಯಾಟಲ್ ಪಾಸ್ ವಿಚಾರದಲ್ಲೂ ಒಂದು ಒಳ್ಳೆ ಕೆಲಸ ಮಾಡಿದ್ದಾರೆ. ಕೊಂಡ ಪಾಸ್‌ಗೆ ಅವಧಿ ಇಲ್ಲ. ಸೀಸನ್ ಮುಗಿದರೂ ನಿಧಾನಕ್ಕೆ ಆಡಿ ಅದನ್ನು ಪೂರ್ತಿ ಮಾಡಿಕೊಳ್ಳಬಹುದು. ಕೆಲಸ, ಮನೆ ಅಂತ ಇರುವವರಿಗೆ ಇದು ದೊಡ್ಡ ನೆಮ್ಮದಿ. ಮೊದಲ ಚಳಿಗಾಲದ ಹಬ್ಬದಲ್ಲಿ ಜೆಫ್ ಅನ್ನೋ ಪುಟಾಣಿ ಶಾರ್ಕ್‌ಗೆ ಒಂದು ವೇಷ ಪುಕ್ಕಟೆ ಕೊಟ್ಟಿದ್ದರು. ಎಲ್ಲರೂ ಜೆಫ್ ಆಗಿ ನೆಲಕ್ಕೆ ಬಣ್ಣ ಎರಚುವ ಒಂದು ಆಟವನ್ನೂ ಆಗ ಇಟ್ಟಿದ್ದರು. ನನ್ನ ಹತ್ತಿರ ಇರುವ ಒಂದೇ ಒಂದು ಚೆಂದದ ವೇಷ ಅದು.

ಇನ್ನು ಮೊದಲ ಪ್ರಶ್ನೆ. ಇದರ ಬಗ್ಗೆ ಹೇಳೋಕೆ ಜಾಸ್ತಿ ಇದೆ.

ಇಲ್ಲಿ ಮೂರು ಬಗೆಯ ಹೀರೋಗಳಿದ್ದಾರೆ. ಮುಂದೆ ನಿಂತು ಏಟು ತಡೆಯುವವರು ವ್ಯಾನ್‌ಗಾರ್ಡ್. ಹೊಡೆಯುವವರು ಡ್ಯುಯೆಲಿಸ್ಟ್. ಉಳಿದವರನ್ನು ಬದುಕಿಸಿಕೊಳ್ಳುವವರು ಸ್ಟ್ರಾಟೆಜಿಸ್ಟ್. ನಾವೆಲ್ಲ ಕರೆಯೋದು ಹೀಲರ್ ಅಂತಲೇ. ನಾನು ಆಡೋದು ಹೀಲರ್ ಮಾತ್ರ. ಮದುವೆ ಊಟದ ಪಂಕ್ತಿಯಲ್ಲಿ ಬಡಿಸುವವರ ಕಣ್ಣು ಯಾರ ಎಲೆ ಖಾಲಿಯಾಗಿದೆ ಅಂತ ಸಾಲಿನುದ್ದಕ್ಕೂ ಓಡುತ್ತಿರುತ್ತದೆ ಅಲ್ವಾ, ಹೀಲರ್‌ನ ಕೆಲಸ ಹಾಗೇ. ಎದುರಾಳಿಯನ್ನು ನೋಡುವುದಕ್ಕಿಂತ ನಮ್ಮವರ ಪ್ರಾಣದ ಪಟ್ಟಿ ನೋಡೋದೇ ಜಾಸ್ತಿ.

ನನ್ನ ಹೀರೋ ಕ್ಲೋಕ್ ಅಂಡ್ ಡ್ಯಾಗರ್. ಟೈರೋನ್ ಮತ್ತು ಟ್ಯಾಂಡಿ ಅನ್ನೋ ಇಬ್ಬರು ಸೇರಿ ಒಬ್ಬರು. ಡ್ಯಾಗರ್ ಆಗಿದ್ದಾಗ ಎಸೆದ ಬೆಳಕಿನ ಚೂರಿಗಳು ತಾವೇ ನಮ್ಮವರನ್ನು ಹುಡುಕಿಕೊಂಡು ಹೋಗಿ ಗಾಯ ಮಾಯಿಸುತ್ತವೆ. ಗುರಿ ಕಟ್ಟುವ ಕೈ ಅಷ್ಟು ಚುರುಕಿಲ್ಲದಿದ್ದರೂ ನಡೆಯುತ್ತದೆ. ಒಂದು ಬಟನ್ ಒತ್ತಿದರೆ ಕ್ಲೋಕ್ ಮುಂದೆ ಬರುತ್ತಾನೆ. ಅವನದು ಕತ್ತಲಿನ ಕೆಲಸ. ಎದುರಾಳಿಗಳ ಕಣ್ಣು ಕಟ್ಟುತ್ತಾನೆ, ಹತ್ತಿರ ಇರುವ ನಮ್ಮವರನ್ನು ತನ್ನ ನಿಲುವಂಗಿಯೊಳಗೆ ಎಳೆದುಕೊಂಡು ಕ್ಷಣಕಾಲ ಮಾಯ ಮಾಡುತ್ತಾನೆ. ಆ ಕ್ಷಣ ಯಾವ ಏಟೂ ತಾಗೋದಿಲ್ಲ.

ಈ ಆಟದ ಅತ್ಯುತ್ತಮ ಗಳಿಗೆ ನನ್ನ ಪ್ರಕಾರ ಅಲ್ಲೇ ಇದೆ. ಎದುರು ತಂಡದ ಸ್ಕಾರ್ಲೆಟ್ ವಿಚ್ ತನ್ನ ಕೊನೆಯ ಅಸ್ತ್ರ, ಅಂದರೆ ಆಡುತ್ತಾ ತುಂಬಿಸಿಕೊಂಡು ಆಗಾಗ ಮಾತ್ರ ಬಳಸಬಹುದಾದ ದೊಡ್ಡ ಶಕ್ತಿ, ತೆಗೆದಳು ಅಂದುಕೊಳ್ಳಿ. ಆಕೆ ಮೇಲಕ್ಕೇಳುತ್ತಾಳೆ, ಸುತ್ತ ಕೆಂಪು ಗೋಳ ಹಿಗ್ಗುತ್ತಾ ಹೋಗುತ್ತದೆ. ಅದು ಸಿಡಿದರೆ ಹತ್ತಿರ ಇರುವವರು ಎಷ್ಟೇ ಗಟ್ಟಿಯಾಗಿರಲಿ, ಸತ್ತರು. ಎಷ್ಟು ಚೂರಿ ಎಸೆದು ಗಾಯ ಮಾಯಿಸಿದರೂ ಉಪಯೋಗ ಇಲ್ಲ. ನನ್ನ ಕೈಯಲ್ಲಿರುವ ದಾರಿ ಕ್ಲೋಕ್‌ನ ಮಾಯ ಒಂದೇ. ಬೇಗ ಒತ್ತಿದರೆ ಗೋಳ ಸಿಡಿಯುವ ಮೊದಲೇ ನಿಲುವಂಗಿ ಬಿಚ್ಚಿಕೊಳ್ಳುತ್ತದೆ. ತಡವಾದರೆ ಹೇಳಲೇಬೇಕಿಲ್ಲ. ಸರಿಯಾದ ಹೊತ್ತಿಗೆ ಒತ್ತಿದಾಗ ಕೆಂಪು ಬೆಳಕು ಹೋಗಿ ನಮ್ಮವರೆಲ್ಲ ನಿಂತ ಜಾಗದಲ್ಲೇ ನಿಂತಿರುತ್ತಾರೆ. ಅಸ್ತ್ರ ಖಾಲಿಯಾದ ಸ್ಕಾರ್ಲೆಟ್ ವಿಚ್ ನಡುವೆ ಒಬ್ಬಳೇ! ಈ ಖುಷಿಗೆ ಗುರಿಯೂ ಬೇಡ, ವಯಸ್ಸೂ ಬೇಡ. ಕಿವಿ ಬೇಕು. ಆಕೆಯ ಕೂಗು ಕೇಳಿಸಿಕೊಳ್ಳಬೇಕು. ಪ್ರತಿಯೊಬ್ಬ ಹೀರೋನೂ ಕೊನೆಯ ಅಸ್ತ್ರ ತೆಗೆಯುವಾಗ ಒಂದು ಮಾತು ಕೂಗುತ್ತಾರೆ. ಆ ಕೂಗುಗಳನ್ನು ಗುರುತು ಹಿಡಿಯೋದು ಕಲಿತರೆ ಅರ್ಧ ಆಟ ಕಲಿತ ಹಾಗೆ.

ಹೀಲರ್‌ಗಳಲ್ಲಿ ಇಬ್ಬರು ಒಂದೇ ಥರ ಇಲ್ಲ. ಲೋಕಿಯನ್ನು ಹೀಲರ್ ಮಾಡಿದ್ದು ವಿಚಿತ್ರ ಅನ್ನಿಸಬಹುದು. ಆದರೆ ತನ್ನದೇ ನಕಲುಗಳನ್ನು ನಿಲ್ಲಿಸಿ, ಬೇಕಾದರೆ ಬೇರೆ ಹೀರೋನ ರೂಪ ಹೊತ್ತು ಆಡುವ ಲೋಕಿ ಪಕ್ಕಾ ಲೋಕಿಯೇ. ಜೆಫ್‌ನ ಕೊನೆಯ ಅಸ್ತ್ರ ಅಂದರೆ ನೆಲದಡಿಯಿಂದ ಬಂದು ಇಡೀ ಗುಂಪನ್ನು ನುಂಗೋದು. ನಮ್ಮವರನ್ನು ನುಂಗಿದರೆ ಅವರ ಗಾಯ ಮಾಯುತ್ತದೆ. ಎದುರಾಳಿಗಳನ್ನು ನುಂಗಿದರೆ ಮೈದಾನದ ಅಂಚಿಗೆ ಹೋಗಿ ಪ್ರಪಾತಕ್ಕೆ ಉಗುಳಬಹುದು. ಆಟ ಮುಗಿದ ಮೇಲೆ ಬರುವ ಪಟ್ಟಿಯಲ್ಲೂ ಎಷ್ಟು ಹೊಡೆದೆ, ಎಷ್ಟು ತಡೆದೆ, ಎಷ್ಟು ಗುಣಪಡಿಸಿದೆ ಅಂತ ಮೂರೂ ಲೆಕ್ಕ ಇರುತ್ತದೆ. ಸೋತ ತಂಡದಲ್ಲಿ ಚೆನ್ನಾಗಿ ಆಡಿದವರಿಗೂ ಎಸ್‌ವಿಪಿ ಅಂತ ಗೌರವ ಇದೆ. ಇದನ್ನು ಮಾಡಿದವರಿಗೆ ಹೀಲರ್‌ನ ಕಷ್ಟ ಗೊತ್ತಿದೆ ಅನ್ನಿಸೋದು ಇಂಥ ಕಡೆಗಳಲ್ಲಿ.

ನನ್ನ ತಮ್ಮ ಹುಬ್ಬಳ್ಳಿಯಲ್ಲಿದ್ದಾನೆ, ನಾನು ಶಿವಮೊಗ್ಗದಲ್ಲಿ. ನಾನು ಆಡೋದು ಲ್ಯಾಪ್‌ಟಾಪ್‌ನಲ್ಲಿ, ಅವನದು ಹಳೆಯ ಪಿಎಸ್4, ಅಂದರೆ ಟಿವಿಗೆ ಹಾಕಿ ಆಡುವ ಪ್ಲೇಸ್ಟೇಷನ್ 4 ಕನ್ಸೋಲ್. 2025ರ ಸೆಪ್ಟೆಂಬರ್‌ನಲ್ಲಿ ಆ ಮೆಷಿನ್‌ಗೂ ಆಟ ಬಂದ ಮೇಲೆ ಅವನೂ ಸೇರಿಕೊಂಡ. ಪ್ಲೇಸ್ಟೇಷನ್‌ನ ಪಿಎಸ್ ಪ್ಲಸ್ ಅನ್ನೋ ಚಂದಾ ಕೂಡ ಬೇಕಾಗಲಿಲ್ಲ. ಆಡೋದು ಸ್ಪೈಡರ್‌ಮ್ಯಾನ್. ಬಲೆ ಹಿಡಿದು ಎದುರಾಳಿಗಳ ಬೆನ್ನ ಹಿಂದೆ ಹೋಗಿ ಬೀಳುತ್ತಾನೆ. ಅಲ್ಲಿಂದ "ಅಕ್ಕಾ, ಹೀಲ್ ಹೀಲ್!" ಅಂತ ಕೂಗು. "ಕಣ್ಣಿಗೆ ಕಂಡರೆ ತಾನೇ ಹೀಲ್ ಮಾಡೋದು, ಈ ಕಡೆ ಬಾರೋ" ಅಂತ ನಾನು. ವಾರದ ಮಾತುಕತೆ ಎಲ್ಲ ಇದರ ನಡುವೆಯೇ ಆಗುತ್ತದೆ. ಅಮ್ಮನ ಬಿಪಿ ಮಾತ್ರೆಯಿಂದ ಹಿಡಿದು ಅವನ ಬಾಡಿಗೆ ಮನೆಯವರೆಗೆ.

ಆದರೆ ರ‍್ಯಾಂಕಿಗೆ ಆಡುವ ಕಾಂಪಿಟಿಟಿವ್‌ನಲ್ಲಿ ನಾವಿಬ್ಬರೂ ಜೊತೆಗೆ ಆಡೋಕಾಗೋದಿಲ್ಲ. ಅಲ್ಲಿ ಪಿಸಿಯವರು ಬೇರೆ, ಕನ್ಸೋಲ್‌ನವರು ಬೇರೆ. ಮೌಸ್ ಹಿಡಿದವರಿಗೂ ಕಂಟ್ರೋಲರ್ ಹಿಡಿದವರಿಗೂ ಗುರಿಯಲ್ಲಿ ಅಷ್ಟು ವ್ಯತ್ಯಾಸ ಇರೋದರಿಂದ ಇದು ನ್ಯಾಯವೇ. ರ‍್ಯಾಂಕ್ ಲೆಕ್ಕ ಇಲ್ಲದ ಕ್ವಿಕ್ ಮ್ಯಾಚ್‌ನಲ್ಲಿ ಸೇರಿ ಆಡಬಹುದು. ನಮಗೆ ಅದು ಸಾಕು.

ಈಗ ತಪ್ಪುಗಳು. ನಾನೇ ಹೀಲರ್ ಆಗಿ ಹೇಳುತ್ತೇನೆ, ಶುರುವಿನ ಸೀಸನ್‌ಗಳಲ್ಲಿ ಹೀಲರ್‌ಗಳ ಕೊನೆಯ ಅಸ್ತ್ರಕ್ಕೆ ಬಲ ಜಾಸ್ತಿ ಕೊಟ್ಟಿದ್ದರು. ಲೂನಾ ಸ್ನೋ ಅನ್ನೋ ಹೀಲರ್ ತನ್ನ ಕೊನೆಯ ಅಸ್ತ್ರ ತೆಗೆದು ಕುಣಿಯಲು ನಿಂತರೆ ಆಕೆಯ ಸುತ್ತ ಇರುವವರನ್ನು ಕೊಲ್ಲೋದು ಹೆಚ್ಚುಕಡಿಮೆ ಅಸಾಧ್ಯ. ಒಬ್ಬರದು ಮುಗಿದ ತಕ್ಷಣ ಇನ್ನೊಬ್ಬರದು. ಮೂರು ಹೀಲರ್ ಇಟ್ಟುಕೊಂಡು ಆಡುವ ತಂಡಗಳೂ ಆಗಲೇ ಹುಟ್ಟಿಕೊಂಡವು. ಹೊಡೆಯುವವರಿಗೆ ಇದರಲ್ಲಿ ಸೊಗಸಿಲ್ಲ, ನಿಜ ಹೇಳಬೇಕೆಂದರೆ ಬದುಕಿಸುವವರಿಗೂ ಇಲ್ಲ. ಸಾಯುವ ಭಯ ಇದ್ದರೆ ತಾನೇ ಬದುಕಿಸಿದ್ದಕ್ಕೆ ಬೆಲೆ.

ಸೀಸನ್‌ಗಳ ಓಟವೂ ಜಾಸ್ತಿಯಾಗಿದೆ. 2025ರ ಜುಲೈನಲ್ಲಿ ಬಂದ ಮೂರನೇ ಸೀಸನ್‌ನಿಂದ ಪ್ರತಿ ಸೀಸನ್ ಎರಡೇ ತಿಂಗಳು, ತಿಂಗಳಿಗೊಬ್ಬ ಹೊಸ ಹೀರೋ. ಕೆಲವು ಹೀರೋಗಳು ಒಂದೇ ತಂಡದಲ್ಲಿದ್ದರೆ ಸಿಗುವ ಜೋಡಿ ಶಕ್ತಿಗಳು, ಅಂದರೆ ಟೀಮ್ ಅಪ್, ಅವೂ ಪ್ರತಿ ಸಲ ಕೆಲವು ಹೋಗಿ ಕೆಲವು ಬರುತ್ತವೆ. ದಿನಾ ಆಡುವವರಿಗೆ ಇದು ಹಬ್ಬ. ಎರಡು ತಿಂಗಳು ಬಿಟ್ಟು ಬಂದವರು ಮತ್ತೆ ಮೊದಲಿಂದ ಕಲಿಯಬೇಕು.

ಅಂಗಡಿಯ ವಿಚಾರದಲ್ಲಿ ನನ್ನ ಬೇಸರ ಬೇರೆ. ವೇಷಗಳ ಬೆಲೆ ದುಬಾರಿ, ಸರಿ, ಬೇಡದವರು ಕೊಳ್ಳದಿದ್ದರಾಯಿತು. ಆದರೆ ಹೆಣ್ಣು ಪಾತ್ರಗಳ ಎಷ್ಟೋ ವೇಷ ನೋಡಿದರೆ ಅವು ಯಾರ ಕಣ್ಣಿಗಾಗಿ ಮಾಡಿದ್ದು ಅಂತ ಬಿಡಿಸಿ ಹೇಳಬೇಕಿಲ್ಲ. ಇಷ್ಟು ಚೆನ್ನಾಗಿ ಚಿತ್ರ ಬರೆಯಬಲ್ಲವರು ಇನ್ನೂ ಒಳ್ಳೆಯದನ್ನು ಮಾಡಬಲ್ಲರು. ಮೈಕ್ ಕೂಡ ಅಷ್ಟೇ, ನಾನು ಗೊತ್ತಿರುವವರ ಪಾರ್ಟಿಯಲ್ಲಿ ಮಾತ್ರ ಆನ್ ಮಾಡುತ್ತೇನೆ. ಹೆಣ್ಣಿನ ದನಿ, ಮೇಲೆ ಹೀಲರ್ ಅಂದರೆ ಸೋಲಿಗೆಲ್ಲ ಅವಳೇ ಹೊಣೆ ಅನ್ನುವವರು ಆನ್‌ಲೈನ್ ಆಟಗಳಲ್ಲಿ ಎಲ್ಲ ಕಡೆ ಇದ್ದಾರೆ. ಮ್ಯೂಟ್ ಬಟನ್ ಎಲ್ಲಿದೆ ಅಂತ ಮೊದಲ ದಿನವೇ ನೋಡಿಟ್ಟುಕೊಳ್ಳಿ, ವಿಶೇಷವಾಗಿ ಹುಡುಗಿಯರು.

ಆಟ ಪುಕ್ಕಟೆ, ಕಂಪ್ಯೂಟರ್ ಪುಕ್ಕಟೆ ಅಲ್ಲ. ನನಗೆ ದೊಡ್ಡದಾಗಿ ಕಾಣೋದು ಈ ವಿಚಾರ. ಬಿಡುಗಡೆಯ ಹೊತ್ತಿಗೆ ಅವರು ಹೇಳಿದ ಕನಿಷ್ಠ ಅಗತ್ಯವೇ 16 ಜಿಬಿ ರ‍್ಯಾಮ್, ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್, 70 ಜಿಬಿ ಜಾಗ. ನಾನು ಲ್ಯಾಪ್‌ಟಾಪ್‌ಗೆ ರ‍್ಯಾಮ್ ಹಾಕಿಸಿಯೇ ಆಡಬೇಕಾಯಿತು. ಎಲ್ಲ ಸೆಟ್ಟಿಂಗ್ ಕೆಳಕ್ಕಿಳಿಸಿದರೆ ಆಡೋಕಾಗುತ್ತದೆ. ಇದಕ್ಕಿಂತ ದೊಡ್ಡ ಸಮಸ್ಯೆ ಒಂದು ಶುರುವಿನಲ್ಲಿತ್ತು. ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಪರದೆ ಮೇಲೆ ಮೂಡುವ ಚಿತ್ರಗಳ ಸಂಖ್ಯೆ, ಕಡಿಮೆ ಇದ್ದರೆ ವುಲ್ವರಿನ್, ಡಾಕ್ಟರ್ ಸ್ಟ್ರೇಂಜ್‌ನಂಥ ಕೆಲವು ಹೀರೋಗಳ ಏಟಿನ ಬಲವೇ ಕಡಿಮೆಯಾಗುತ್ತಿತ್ತು. ತಯಾರಕರು ಅದನ್ನು ಒಪ್ಪಿಕೊಂಡು ಸರಿಪಡಿಸೋಕೆ ಹೊರಟರು. ಒಪ್ಪಿಕೊಂಡಿದ್ದು ಒಳ್ಳೆಯದೇ. ಆದರೂ ಶಕ್ತಿಯನ್ನು ಮಾರೋದಿಲ್ಲ ಅನ್ನುವ ಆಟದಲ್ಲಿ ದುಬಾರಿ ಕಂಪ್ಯೂಟರ್ ಇದ್ದವರಿಗೆ ಗಟ್ಟಿ ಏಟು ಸಿಕ್ಕರೆ, ಆ ಮಾತು ಅಷ್ಟರ ಮಟ್ಟಿಗೆ ಸುಳ್ಳಾಯಿತು.

ಆಡುವವರ ಮಾತು ಕೇಳುವ ಗುಣ ಇವರಿಗೆ ಇದೆ, ಅದನ್ನು ಹೇಳಲೇಬೇಕು. 2025ರ ಫೆಬ್ರವರಿಯಲ್ಲಿ ಸೀಸನ್ ಅರ್ಧದಲ್ಲೇ ಎಲ್ಲರ ರ‍್ಯಾಂಕ್ ಇಳಿಸುತ್ತೇವೆ ಅಂದರು. ಜನ ಸಿಟ್ಟಾದರು. ತಕ್ಷಣ ಆ ತೀರ್ಮಾನ ಕೈಬಿಟ್ಟರು. ಆದರೆ ಅದೇ ತಿಂಗಳು ಅಮೆರಿಕದ ಸಿಯಾಟಲ್‌ನಲ್ಲಿದ್ದ ಈ ಆಟದ ಡಿಸೈನ್ ತಂಡವನ್ನು ಕೆಲಸದಿಂದ ತೆಗೆದರು. ಅಷ್ಟು ದೊಡ್ಡ ಗೆಲುವು ಕಂಡ ಆಟಕ್ಕೆ ದುಡಿದವರಿಗೆ ಹೀಗಾಗಿದ್ದು ನನಗೆ ಈಗಲೂ ನೋವಿನ ಸಂಗತಿ.

ಹೊಸದಾಗಿ ಶುರು ಮಾಡುವವರಿದ್ದರೆ ರಾಕೆಟ್ ರಕೂನ್‌ನಿಂದ ಶುರು ಮಾಡಿ. ಅವನ ಹೀಲ್ ಗುಂಡುಗಳು ಗೋಡೆಗೆ ತಾಗಿ ಪುಟಿಯುತ್ತವೆ, ಕಷ್ಟ ಬಂದರೆ ಗೋಡೆ ಹತ್ತಿ ಓಡಬಹುದು. ಮುಖ್ಯವಾಗಿ ಅವನ ಹತ್ತಿರ ಒಂದು ಬೀಕನ್ ಇದೆ, ಸತ್ತವರನ್ನು ವಾಪಸ್ ಕರೆತರುತ್ತದೆ. ಅದನ್ನು ಜಗಳದ ನಡುವೆ ಇಡಬೇಡಿ, ಒಡೆದು ಹಾಕುತ್ತಾರೆ. ಹಿಂದೆ ಯಾವುದಾದರೂ ಗೋಡೆಯ ಮರೆಯಲ್ಲಿ, ಎದುರಾಳಿಗಳು ಬರುವ ದಾರಿಗೆ ಕಾಣದ ಕಡೆ ಇಡಿ. ತಂಡ ಮುಂದೆ ಸಾಗಿದ ಹಾಗೆಲ್ಲ ಅದನ್ನೂ ಮುಂದಕ್ಕೆ ತಂದು ಇಡೋದು ಮರೀಬೇಡಿ.