ದಾಳದಾಟದಿಂದ ಹುಟ್ಟಿದ ಮೂರು ಕಥಾಮಾಲಿಕೆಗಳು: ನಾನು ಓದಿದ್ದು, ಬಿಟ್ಟಿದ್ದು

ಮೂರರಲ್ಲಿ ನನಗೆ ಮೆಚ್ಚುಗೆಯಾದದ್ದು ಆರ್. ಎ. ಸಾಲ್ವಟೋರ್ ಬರೆದ, ಡ್ರಿಝ್ಟ್ ಎಂಬ ಕತ್ತಿವೀರನ ಕಥೆ ಎಂದು ಮೊದಲೇ ಹೇಳಿಬಿಡುತ್ತೇನೆ. ಉಳಿದೆರಡನ್ನು ನಾನು ತೂಗಿದ್ದೂ ಅದೇ ತಕ್ಕಡಿಯಲ್ಲಿ. ಗಂಗಾವತಿಯಿಂದ ಕೊಪ್ಪಳಕ್ಕೆ ದಿನವೂ ಬಸ್ಸಿನಲ್ಲಿ ಹೋಗಿಬರುವವನು ನಾನು. ಭಾನುವಾರಗಳಂದು ತಮ್ಮ ಮತ್ತು ಅವನ ಗೆಳೆಯರೊಡನೆ ಇಪ್ಪತ್ತು ಮುಖದ ದಾಳ ಉರುಳಿಸಿ, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಸಾಹಸಕಥೆ ಕಟ್ಟುತ್ತಾ ಹೋಗುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವ ಚಟ ಹತ್ತಿದ ಮೇಲೆ, ಆ ಆಟದ ರುಚಿಯಿರುವ ಕಾದಂಬರಿಗಳನ್ನು ಹುಡುಕತೊಡಗಿದೆ. ವಿಚರ್ ಮಾಲಿಕೆಯನ್ನು ಹಲವರು ಸೂಚಿಸಿದರು. ಆದರೆ ಅಲ್ಲಿ ಪುಸ್ತಕ ಮೊದಲು, ಆಟ ನಂತರ. ಆದ್ದರಿಂದ ಅದನ್ನು ಈ ಪಟ್ಟಿಗೆ ಸೇರಿಸಲಿಲ್ಲ.

ಮೊದಲು ಕೊಂಡದ್ದು ಮಾರ್ಗರೆಟ್ ವೈಸ್ ಮತ್ತು ಟ್ರೇಸಿ ಹಿಕ್‌ಮನ್ ಬರೆದ ಡ್ರ್ಯಾಗನ್‌ಲ್ಯಾನ್ಸ್ ಕ್ರಾನಿಕಲ್ಸ್‌ನ ಮೂರು ಸಂಪುಟಗಳನ್ನು. 1984 ಮತ್ತು 1985ರಲ್ಲಿ ಬಂದ ಈ ಕಾದಂಬರಿಗಳು ಅದೇ ಹೆಸರಿನ ಆಟದ ಕಂತುಗಳ, ಅಂದರೆ ಆಡಲೆಂದೇ ಅಚ್ಚಾದ ಸಾಹಸಕಥೆಯ ಪುಸ್ತಿಕೆಗಳ ಜೊತೆಜೊತೆಗೇ ರೂಪುಗೊಂಡವು. ಮೊದಲ ಸಂಪುಟ ಒಂದು ಮದುವೆಯೊಂದಿಗೆ ಮುಗಿಯುತ್ತದೆ. ಆ ಸಂಭ್ರಮದ ಗುಂಗಿನಲ್ಲೇ ಎರಡನೆಯದನ್ನು ತೆರೆದರೆ, ಕುಬ್ಜರ ಅರಸನ ಸಭಾಂಗಣದಲ್ಲಿ ಜಯಘೋಷ ಮೊಳಗುತ್ತಿದೆ; ಎಲ್ಲರೂ ಹುಡುಕುತ್ತಿದ್ದ ಖಾರಾಸ್‌ನ ಸುತ್ತಿಗೆ ಆಗಲೇ ಸಿಕ್ಕಿಬಿಟ್ಟಿದೆ! ಅದನ್ನು ಹುಡುಕಿದವರಾರು, ಎಲ್ಲಿ, ಯಾವ ಅಪಾಯಗಳನ್ನು ದಾಟಿ ಎಂಬುದರ ವಿವರವೇ ಇಲ್ಲ.

ನನ್ನ ಪ್ರತಿಯಲ್ಲಿ ಹಾಳೆಗಳು ಬಿಟ್ಟುಹೋಗಿವೆ ಎಂದೇ ಭಾವಿಸಿದೆ. ಪುಟಸಂಖ್ಯೆಗಳನ್ನು ಎಣಿಸಿದರೆ ಎಲ್ಲವೂ ಸರಿಯಾಗಿದ್ದವು. ಬೆನ್ನಿನ ಅಂಟನ್ನು ಉಗುರಿನಿಂದ ಬಿಡಿಸಿ ನೋಡಿದರೆ ಹಾಳೆ ಹರಿದ ಗುರುತೂ ಇರಲಿಲ್ಲ. ಆದರೂ ಮಾರಾಟಗಾರನಿಗೆ ದೂರು ಕೊಟ್ಟು, ಪುಸ್ತಕವನ್ನು ಹಿಂದಿರುಗಿಸಿ, ಹನ್ನೆರಡು ದಿನ ಕಾದು ಬೇರೆ ಪ್ರತಿ ತರಿಸಿದೆ. ಅದೂ ಅದೇ ಜಯಘೋಷದಿಂದಲೇ ಆರಂಭವಾಯಿತು. ಆಗ ತಮ್ಮ ನಗುತ್ತಾ, "ಅಣ್ಣಾ, ಹಾಳಿ ಎಲ್ಲೂ ಹೋಗಿಲ್ಲ, ಬರದವ್ರೇ ಬಿಟ್ಟಾರ" ಎಂದ.

ಅವನ ಮಾತು ನಿಜವಾಗಿತ್ತು. ಆ ಸಾಹಸ ಆಟದ ಕಂತಿನಲ್ಲಿ ಇದ್ದುದರಿಂದ ಆಡಿದವರಿಗೆ ತಿಳಿದಿತ್ತು. ಓದಿದವರಿಗೆ ಮಾತ್ರ ಹಾರಿಹೋಯಿತು. ಅದೇ ಸಂಪುಟದಲ್ಲಿ ಹಿಮಗೋಡೆಯ ಪಯಣವೂ ಹೀಗೆಯೇ ತೆರೆಮರೆಗೆ ಸರಿಯುತ್ತದೆ. ಬಿಟ್ಟುಹೋದ ಈ ಎರಡು ಕಥೆಗಳನ್ನು ಅದೇ ಲೇಖಕರು 2006 ಮತ್ತು 2007ರಲ್ಲಿ ಬೇರೆ ಪುಸ್ತಕಗಳಾಗಿ ಬರೆದರು. ಊಟಕ್ಕೆ ಕುಳಿತವನಿಗೆ ಸಾರನ್ನು ಇಪ್ಪತ್ತು ವರ್ಷದ ನಂತರ, ಅದೂ ಬೇರೆ ಬಿಲ್ಲಿನಲ್ಲಿ ಬಡಿಸಿದ ಹಾಗಾಯಿತು. ಮಂತ್ರವಾದಿ ರೇಸ್ಟ್ಲಿನ್ ಒಮ್ಮೆ ಪ್ರಯೋಗಿಸಿದ ಮಂತ್ರವನ್ನು ಮರೆತು, ಮತ್ತೆ ಗ್ರಂಥ ಹಿಡಿದು ಕಂಠಪಾಠ ಮಾಡುವುದು ಆಟದ ನಿಯಮದಿಂದಲೇ ಬಂದ ಸೊಗಸು, ಮತ್ತು ಅವನೊಬ್ಬನಿಗಾಗಿಯೇ ನಾನು ಮೂರನೆಯ ಸಂಪುಟವನ್ನೂ ಮುಗಿಸಿದೆ.

ಸ್ಟೀವನ್ ಎರಿಕ್‌ಸನ್‌ರ ಮಲಜನ್ ಮಾಲಿಕೆಯ ಬಗೆಗೆ ನನ್ನ ಗೌರವ ದೊಡ್ಡದು, ಓದಿದ್ದು ಮಾತ್ರ ಸಣ್ಣದು. ಎರಿಕ್‌ಸನ್ ಮತ್ತು ಅವರ ಗೆಳೆಯ ಎಸ್ಲ್‌ಮಾಂಟ್ ಇಬ್ಬರೂ ಪುರಾತತ್ವ ಕಲಿತವರು. ತಾವು ಆಡಲೆಂದು ಕಟ್ಟಿಕೊಂಡ ಲೋಕವೇ 1999ರಿಂದ 2011ರವರೆಗೆ ಹತ್ತು ದಪ್ಪ ಸಂಪುಟಗಳಾಗಿ ಹರಡಿತು. ಅಲ್ಲಿನ ಚರಿತ್ರೆ ಪದರು ಪದರಾಗಿದೆ. ನಮ್ಮವರು ಮೋರ್ಯರ ಮನೆಗಳೆನ್ನುವ ಹಿರೇಬೆಣಕಲ್ಲಿನ ಕಲ್ಲುಗೋರಿಗಳ ನಡುವೆ ಅಡ್ಡಾಡಿದವರಿಗೆ ಆ ಬಗೆಯ ಕುತೂಹಲ ಹೊಸದಲ್ಲ. ಆದರೆ ಮೊದಲ ಸಂಪುಟದ ಆರಂಭದಲ್ಲೇ ಪಾತ್ರಗಳ ಉದ್ದನೆಯ ಪಟ್ಟಿಯಿದೆ, ಕೊನೆಯಲ್ಲಿ ಪದಕೋಶವಿದೆ; ಕುಲುಕುವ ಬಸ್ಸಿನಲ್ಲಿ ಒಂದು ಬೆರಳನ್ನು ಮುಂದೆ, ಒಂದನ್ನು ಹಿಂದೆ ಸಿಕ್ಕಿಸಿಕೊಂಡು ಓದುವುದು ನನ್ನಿಂದಾಗಲಿಲ್ಲ. ಎರಡು ಬಾರಿ ಹಿಡಿದು ಎರಡು ಬಾರಿ ಬಿಟ್ಟೆ.

ಡ್ರಿಝ್ಟ್‌ನ ಹುಟ್ಟೇ ಒಂದು ಅವಸರದ ಕಥೆ. 1988ರ ಮೊದಲ ಕಾದಂಬರಿಯ ನಾಯಕನಿಗೆ ಒಬ್ಬ ಜೊತೆಗಾರ ಬೇಕೆಂದು ಸಂಪಾದಕರು ಕೇಳಿದಾಗ ಸಾಲ್ವಟೋರ್ ಆ ಕ್ಷಣಕ್ಕೆ ಹೊಳೆದವನನ್ನು ಕೊಟ್ಟರಂತೆ. ಓದುಗರು ಜೊತೆಗಾರನನ್ನೇ ನಾಯಕನಾಗಿಸಿದರು. ಅವನ ಬಾಲ್ಯ ಹೇಳುವ 'ಹೋಮ್‌ಲ್ಯಾಂಡ್' ಬಂದದ್ದು 1990ರಲ್ಲಿ, ಆದರೆ ಓದನ್ನು ಅಲ್ಲಿಂದಲೇ ಆರಂಭಿಸಬಹುದು. ನೆಲದಡಿಯ ಮೆಂಜೊಬೆರಾಂಜನ್ ನಗರದಲ್ಲಿ ಜೇಡರ ದೇವತೆಯ ಅರ್ಚಕಿಯರದೇ ಆಳ್ವಿಕೆ. ಮೂರನೆಯ ಗಂಡುಮಗುವನ್ನು ದೇವತೆಗೆ ಬಲಿ ಕೊಡುವುದು ಅಲ್ಲಿನ ಕಟ್ಟಳೆ. ಡ್ರಿಝ್ಟ್ ಹುಟ್ಟಿದ ರಾತ್ರಿಯೇ ಅವನ ಅಣ್ಣನೊಬ್ಬ ಅಧಿಕಾರದಾಸೆಯಿಂದ ಇನ್ನೊಬ್ಬ ಅಣ್ಣನನ್ನು ಕೊಂದುಹಾಕುತ್ತಾನೆ. ಎಣಿಕೆಯಲ್ಲಿ ಒಂದು ತಲೆ ಕಡಿಮೆಯಾಗಿ, ಕೂಸು ಉಳಿಯುತ್ತದೆ. ಅದನ್ನು ಓದುವಾಗ ಇಳಿಯಬೇಕಾದ ನಿಲ್ದಾಣ ದಾಟಿ ಒಂದು ಕಿಲೋಮೀಟರ್ ಹಿಂದಕ್ಕೆ ನಡೆದುಬಂದೆ.

ಒಬ್ಬನೇ ನಾಯಕ, ಚಿಕ್ಕ ಅಧ್ಯಾಯಗಳು, ಕತ್ತಿವರಸೆಯ ಸ್ಪಷ್ಟ ವರ್ಣನೆ. ಕಾಳಗಗಳು ಒಂದೇ ಅಚ್ಚಿನವೆಂಬ ದೂರು ಸುಳ್ಳಲ್ಲ; ನನಗೆ ಅದು ಬೇಸರ ತರಿಸಲಿಲ್ಲ. ತಿಂಗಳಿಗೆ ಪುಸ್ತಕಕ್ಕೆಂದು ನಾನು ತೆಗೆದಿಡುವುದು ಐನೂರು ರೂಪಾಯಿ. ಈ ತಿಂಗಳು ಅದು ಡ್ರಿಝ್ಟ್‌ನ ಎರಡನೆಯ ಸಂಪುಟಕ್ಕೆ ಹೋಯಿತು. ಮಲಜನ್ ಅನ್ನು ಬೇಸಿಗೆ ರಜೆಯಲ್ಲಿ, ಮನೆಯ ಮೇಜಿನ ಮೇಲೆ, ಪಾತ್ರಪಟ್ಟಿಯ ನೆರಳಚ್ಚನ್ನು ಪಕ್ಕದಲ್ಲಿಟ್ಟುಕೊಂಡು ಮೂರನೆಯ ಬಾರಿ ಹಿಡಿಯಲಿದ್ದೇನೆ.