ಮಾದಕ ವಸ್ತುಗಳ ಚಾರ್ಟ್: ಪ್ರಿಂಟ್ ಚೆನ್ನಾಗಿದೆ, ಗುಂಪುಗಳು ಕಲಸುಮೇಲೋಗರ

ಜೂನ್ 26ರ ಮಾದಕ ವಸ್ತು ವಿರೋಧಿ ದಿನಕ್ಕೆ ಅಂತ ಶಿರಸಿ ಪೇಟೆಯ ಒಂದು ಅಂಗಡಿಯಲ್ಲಿ ಈ ಗೋಡೆ ಚಾರ್ಟ್ ತಗೊಂಡೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ, ಕ್ಲಾಸಿಗೆ ಬೇಕಿತ್ತು. ಮೊದಲು ಒಳ್ಳೆಯದನ್ನೇ ಹೇಳಿಬಿಡುತ್ತೇನೆ. ಲ್ಯಾಮಿನೇಷನ್ ಗಟ್ಟಿ. ನಮ್ಮ ಕಡೆಯ ಮಳೆಗಾಲದಲ್ಲಿ ಗೋಡೆಗೆ ಹಚ್ಚಿದ್ದೆಲ್ಲ ಬೂಷ್ಟು ಹಿಡಿಯುತ್ತದೆ, ಇದು ಆಗಸ್ಟ್ ದಾಟಿದರೂ ಹಾಗೇ ಇದೆ. ಬಣ್ಣ ಮಾಸಿಲ್ಲ. ಕನ್ನಡದಲ್ಲಿ ಕಾಗುಣಿತ ತಪ್ಪಿಲ್ಲ, ಅದೇ ಈಗ ದೊಡ್ಡ ವಿಷಯ.

ತೊಂದರೆ ಇರುವುದು ಗುಂಪುಗಳಲ್ಲಿ. ಮೇಲೆ ‘ನಾರ್ಕೋಟಿಕ್ಸ್’ ಅಂತ ದೊಡ್ಡ ಕೆಂಪು ಬಾಕ್ಸ್. ಅದರೊಳಗೆ ಅಫೀಮು, ಹೆರಾಯಿನ್, ಗಾಂಜಾ, ಕೊಕೇನ್ ಎಲ್ಲವೂ. ಕೆಳಗೆ ಮಂಪರು ತರುವವು, ಉತ್ತೇಜಕಗಳು, ಭ್ರಮೆ ಹುಟ್ಟಿಸುವವು ಅಂತ ಇನ್ನು ಮೂರು. ಸುಮ್ನೆ ನೋಡಿದರೆ ಸರಿಯಾಗಿಯೇ ಕಾಣುತ್ತದೆ. ಆದರೆ ಮೊದಲನೆಯ ಬಾಕ್ಸ್ ಬಂದಿರುವುದು ಕಾನೂನಿನಿಂದ, ಉಳಿದ ಮೂರು ಔಷಧ ವಿಜ್ಞಾನದಿಂದ. 1985ರ ಎನ್‌ಡಿಪಿಎಸ್ ಕಾಯ್ದೆ (ನಮ್ಮ ದೇಶದ ಮಾದಕ ವಸ್ತುಗಳ ಕಾನೂನು) ಕೋಕಾ ಎಲೆ (ಕೊಕೇನ್ ಬರುವುದು ಇದರಿಂದ), ಗಾಂಜಾ, ಅಫೀಮು ಎಲ್ಲವನ್ನೂ ‘ನಾರ್ಕೋಟಿಕ್ ಡ್ರಗ್’ ಅನ್ನುತ್ತದೆ. ದೇಹಕ್ಕೆ ಆ ಕಾಯ್ದೆ ಗೊತ್ತಿಲ್ಲವಲ್ಲ. ಕೊಕೇನ್ ಎದೆಬಡಿತ ಮತ್ತು ಬಿಪಿ ಏರಿಸಿ ನಿದ್ದೆ ಓಡಿಸುತ್ತದೆ. ಅಫೀಮು, ಹೆರಾಯಿನ್ ಅದಕ್ಕೆ ಪೂರ್ತಿ ಉಲ್ಟಾ, ಮಂಪರು ಹಿಡಿಸಿ ಉಸಿರಾಟ ನಿಧಾನ ಮಾಡುತ್ತವೆ, ಜಾಸ್ತಿ ಆದರೆ ಉಸಿರೇ ನಿಲ್ಲಬಹುದು. ಎರಡನ್ನೂ ಒಂದೇ ಕಡೆ ಇಟ್ಟರೆ ಮಕ್ಕಳು ಎರಡೂ ಒಂದೇ ಥರ ಅಂತ ಬರೆದುಕೊಳ್ಳುತ್ತಾರೆ. ಬರೆದುಕೊಂಡರು ಕೂಡ.

ಕಾನೂನಿನ ಗುಂಪು ತಪ್ಪು ಅಂತಲ್ಲ. ಅದರ ಲೆಕ್ಕ ಬೇರೆ. ಅಲ್ಲಿ ಗಾಂಜಾ ಅಂದರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ, ತುದಿ ಇಲ್ಲದ ಬರೀ ಎಲೆ ಮತ್ತು ಬೀಜ ಆ ಲೆಕ್ಕಕ್ಕೆ ಬರುವುದಿಲ್ಲ. ಶಿಕ್ಷೆಯ ಲೆಕ್ಕದಲ್ಲಿ ‘ಸಣ್ಣ ಪ್ರಮಾಣ’ ಅಂದರೆ ಗಾಂಜಾಕ್ಕೆ 1 ಕೆಜಿ, ಹೆರಾಯಿನ್‌ಗೆ 5 ಗ್ರಾಂ. (ಸಣ್ಣದು ಅಂದ ಕೂಡಲೇ ಬಿಟ್ಟು ಕಳಿಸುತ್ತಾರೆ ಅಂದುಕೊಂಡು ಗೋಕರ್ಣಕ್ಕೆ ಹೊರಡುವ ಹುಡುಗರಿಗೆ: ಅದಕ್ಕೂ ಜೈಲು ಇದೆ.) ಇದನ್ನೆಲ್ಲ ಬೇರೆ ಕಾಲಮ್ಮಿನಲ್ಲಿ ಹಾಕಿದ್ದರೆ ಎಷ್ಟು ಉಪಯೋಗ ಆಗುತ್ತಿತ್ತು!

ಭ್ರಮೆಯ ಬಾಕ್ಸಿನಲ್ಲಿ ಎಲ್‌ಎಸ್‌ಡಿ ಪಕ್ಕಕ್ಕೇ ದತ್ತೂರಿಯ ಚಿತ್ರ. ರಸ್ತೆ ಬದಿಗೆ ತಾನೇ ಬೆಳೆಯುವ ಗಿಡ ಅದು, ಮಕ್ಕಳಿಗೆಲ್ಲ ಪರಿಚಯ. ಎಲ್‌ಎಸ್‌ಡಿ ಕೆಲಸ ಮಾಡುವುದು ಮಿದುಳಿನಲ್ಲಿ ಸಿರೊಟೋನಿನ್ ಅನ್ನುವ ರಾಸಾಯನಿಕದ ದಾರಿಯಲ್ಲಿ. ದತ್ತೂರಿಯಲ್ಲಿರುವ ಅಟ್ರೊಪಿನ್, ಸ್ಕೋಪೊಲಮಿನ್ ಅಸಿಟೈಲ್‌ಕೋಲಿನ್ ಅನ್ನುವ ಇನ್ನೊಂದು ನರ ರಾಸಾಯನಿಕಕ್ಕೆ ಅಡ್ಡ ನಿಲ್ಲುತ್ತವೆ. ಬಾಯಿ ಒಣಗುತ್ತದೆ, ಮೈ ಕಾದು ಕೆಂಪಾಗುತ್ತದೆ, ಕಣ್ಣು ಮಂಜಾಗುತ್ತದೆ, ಎದುರಿಗಿರುವವರ ಗುರುತೇ ಹತ್ತುವುದಿಲ್ಲ, ಜೀವಕ್ಕೇ ಅಪಾಯ. ಇದು ವಿಷ ಅಂತ ಒಂದು ಸಾಲು ಬೇಡವೇ?

ಎಲ್ಲಕ್ಕಿಂತ ಬೇಜಾರು ಅಂದರೆ ಬಿಟ್ಟುಬಿಟ್ಟಿರುವುದರ ಬಗ್ಗೆ. ಸಾರಾಯಿ ಇಲ್ಲ. ಬೀಡಿ, ಸಿಗರೇಟು ಇಲ್ಲ. ವೈಟ್ನರ್, ಪಂಚರ್ ಹಾಕುವ ಸೊಲ್ಯೂಷನ್ ಇಲ್ಲವೇ ಇಲ್ಲ, ಶಾಲೆ ಮಕ್ಕಳ ಕೈಗೆ ಸುಲಭಕ್ಕೆ ಸಿಗುವುದೇ ಅವು, ಮೂಸಿದಾಗ ಹೃದಯದ ಬಡಿತ ತಪ್ಪಿ ಇದ್ದಕ್ಕಿದ್ದಂತೆ ಸಾಯುವವರೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಅನ್ನುವ ಕಾಯಿಲೆಗಳ ಪಟ್ಟಿ ನೋಡಿ. ಅಲ್ಲಿ ಎಫ್10 ಅಂದರೆ ಮದ್ಯ, ಎಲ್ಲಕ್ಕಿಂತ ಮೊದಲು. ಗಾಂಜಾಕ್ಕೆ ಎಫ್12 ಅಂತ ಸ್ವಂತ ಜಾಗ, ಯಾಕಂದರೆ ಅದು ಮಂಪರಿಗೂ ಪೂರ್ತಿ ಸೇರುವುದಿಲ್ಲ, ಭ್ರಮೆಗೂ ಸೇರುವುದಿಲ್ಲ. ಕೊಕೇನ್ ಬೇರೆ, ತಂಬಾಕು ಬೇರೆ, ಮೂಸುವ ದ್ರಾವಕಗಳು ಬೇರೆ. ಚಹಾ-ಕಾಫಿಯ ಕೆಫೀನ್ ಕೂಡ ‘ಇತರ ಉತ್ತೇಜಕ’ಗಳ ಜೊತೆ ಕೂತಿದೆ.

ಚಾರ್ಟ್ ಹಾಕಿದ ದಿನವೇ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ, “ಸರ್, ನಮ್ಮ ಅಜ್ಜ ಕವಳ ಹಾಕುತ್ತಾರಲ್ಲ, ಅದು ಯಾವ ಬಾಕ್ಸು?” ಇಡೀ ಕ್ಲಾಸು ನಕ್ಕಿತು. ಪ್ರಶ್ನೆ ಮಾತ್ರ ಪಕ್ಕಾ. (ಕವಳ ಅಂದರೆ ನಮ್ಮ ಕಡೆ ಹೊಗೆಸೊಪ್ಪು ಸೇರಿಸಿದ ಎಲೆಯಡಿಕೆ.) 1924ರಲ್ಲೇ ಜರ್ಮನಿಯ ಔಷಧ ವಿಜ್ಞಾನಿ ಲೂಯಿಸ್ ಲೆವಿನ್ ಅಮಲು ಪದಾರ್ಥಗಳನ್ನು ಐದು ಗುಂಪು ಮಾಡಿದಾಗ ಎಲೆಯಡಿಕೆಯನ್ನು ಕಾಫಿ, ಚಹಾ, ತಂಬಾಕಿನ ಜೊತೆ ಉತ್ತೇಜಕಗಳಲ್ಲಿ ಇಟ್ಟಿದ್ದರು. ಅಡಿಕೆಯ ಅರೆಕೊಲಿನ್, ಹೊಗೆಸೊಪ್ಪಿನ ನಿಕೋಟಿನ್, ಎರಡೂ ನರಗಳನ್ನು ಚುರುಕು ಮಾಡುವವೇ. ಹುಡುಗನಿಗೆ ಅದನ್ನೇ ಹೇಳಿದೆ. (ಅಡಿಕೆ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲೂ ಇದೆ, ಅದನ್ನು ಜೋರಾಗಿ ಹೇಳಿದರೆ ಶಿರಸಿಯಲ್ಲಿ ನನಗೆ ಚಹಾ ಕೊಡುವವರಿರುವುದಿಲ್ಲ.)

ಒಟ್ಟು ಎರಡೂವರೆ ಸ್ಟಾರ್, ಅದರಲ್ಲಿ ಎರಡು ಲ್ಯಾಮಿನೇಷನ್ನಿಗೆ. ಸಹಾಯವಾಣಿ 14446 ಇದೆ, ಆದರೆ ಮೂಲೆಯಲ್ಲಿ, ಇರುವೆ ಸೈಜಿನಲ್ಲಿ. ನಾನು ಬಿಳಿ ಹಾಳೆಯಲ್ಲಿ ದೊಡ್ಡದಾಗಿ ಬರೆದು ಅಂಟಿಸಿದ್ದೇನೆ. ಕೊಕೇನನ್ನು ಮಾರ್ಕರಿನಲ್ಲಿ ಉತ್ತೇಜಕಗಳ ಕಡೆ ಬಾಣ ಹಾಕಿ ಕಳಿಸಿದ್ದೂ ಆಯ್ತು. ತಗೊಳ್ಳಲೇಬೇಕು ಅನ್ನುವವರು ದೊಡ್ಡ ಸೈಜೇ ಕೇಳಿ, ಚಿಕ್ಕದು ಮೂರನೇ ಬೆಂಚಿನಿಂದಾಚೆ ಓದಲಿಕ್ಕಾಗುವುದಿಲ್ಲ.