ಬೀಗ ಹಾಕಿದ 12400ಎಫ್, ಕರಾವಳಿಯ ಸೆಖೆ: ಓವರ್‌ಕ್ಲಾಕ್ ಮಾಡುವುದೋ, ಬೇರೆ ದಾರಿ ಹಿಡಿಯುವುದೋ?

ಮಂಗಳೂರು, ಉಡುಪಿ, ಮಣಿಪಾಲದ ಕಡೆ ಕಡಿಮೆ ಬಜೆಟ್ಟಿನಲ್ಲಿ ಪಿಸಿ ಕಟ್ಟಿಸಿದವರ ಡಬ್ಬಿ ತೆರೆದರೆ ಒಳಗೆ ಇಂಟೆಲ್ ಐ5-12400ಎಫ್ ಇರುವುದು ಅಪರೂಪವೇನಲ್ಲ. ಆರು ಕೋರ್, ಹನ್ನೆರಡು ಥ್ರೆಡ್. ಒಂದೇ ಕೋರ್ ಓಡುವಾಗ 4.4 ಗಿಗಾಹರ್ಟ್ಸ್, ಆರೂ ಸೇರಿ ಓಡುವಾಗ 4.0. ಹೆಸರಿನ ಕೊನೆಗೆ ‘ಕೆ’ ಇಲ್ಲ, ಹಾಗಾಗಿ ಮಲ್ಟಿಪ್ಲೈಯರ್‌ಗೆ, ಅಂದರೆ 100 ಮೆಗಾಹರ್ಟ್ಸ್‌ನ ಬೇಸ್ ಕ್ಲಾಕನ್ನು ಗುಣಿಸಿ ಚಿಪ್ಪಿನ ವೇಗ ನಿಗದಿ ಮಾಡುವ ಅಂಕೆಗೆ, ಬೀಗ. ಆದರೂ ಯಾವುದೋ ವಿಡಿಯೊದಲ್ಲಿ ಇದೇ ಚಿಪ್ 5 ಗಿಗಾಹರ್ಟ್ಸ್ ದಾಟಿದ್ದನ್ನು ನೋಡಿದ ಮೇಲೆ ಕೈ ತುರಿಸುವುದು ಸಹಜ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಈಗಾಗಲೇ ಕೈಯಲ್ಲಿರುವ ಮದರ್‌ಬೋರ್ಡಿನಲ್ಲಿ ಈ ಚಿಪ್ಪನ್ನು ಓವರ್‌ಕ್ಲಾಕ್ ಮಾಡಲು, ಅಂದರೆ ಕಂಪನಿ ಇಟ್ಟ ವೇಗಕ್ಕಿಂತ ಹೆಚ್ಚು ಓಡಿಸಲು, ಹೊರಡಬೇಡಿ. ಅದಕ್ಕೆಂದೇ ಹೊಸ ಬೋರ್ಡ್ ಕೊಳ್ಳುವುದಂತೂ ಬೇಡವೇ ಬೇಡ. ಆದರೆ ಬೀಗ ಮುಟ್ಟದೆಯೇ ತೆಗೆಯಬಹುದಾದ ಶಕ್ತಿ ಇದರಲ್ಲಿ ಇನ್ನೂ ಉಂಟು. ಅದನ್ನು ಬಿಟ್ಟುಕೊಡುವುದೂ ದಡ್ಡತನ.

ದಾರಿಗಳನ್ನು ಒಂದೊಂದಾಗಿ ಹೋಲಿಸೋಣ. ಕ್ರಮ ಸರಳ. ಎಸಿ ಇಲ್ಲದ ಕೋಣೆ, ಕ್ಯಾಬಿನೆಟ್ಟಿನ ಬಾಗಿಲು ಮುಚ್ಚಿಯೇ ಇರಬೇಕು. ಪ್ರತಿ ಬದಲಾವಣೆಯ ನಂತರ ಪ್ರೊಸೆಸರನ್ನು ದುಡಿಸಿ ಅಂಕ ಕೊಡುವ ಸಿನೆಬೆಂಚ್ ಆರ್23ಯ ಹತ್ತು ನಿಮಿಷದ ಓಟ, ಪಕ್ಕದಲ್ಲಿ ಕಾವು, ವೇಗ, ವಿದ್ಯುತ್ ತೋರಿಸುವ ಎಚ್‌ಡಬ್ಲ್ಯುಇನ್ಫೋ. ಅಂಕ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ಪ್ಯಾಕೇಜ್ ಪವರ್ (ಚಿಪ್ ನುಂಗುವ ವಿದ್ಯುತ್), ಎಫೆಕ್ಟಿವ್ ಕ್ಲಾಕ್ (ನಿಜವಾಗಿ ಓಡಿದ ವೇಗ), ವೇಗ ತಡೆದ ಕಾರಣ ಹೇಳುವ ‘ಪರ್ಫಾರ್ಮೆನ್ಸ್ ಲಿಮಿಟ್’ ಸಾಲುಗಳಲ್ಲಿ ಯಾವುದಕ್ಕೆ ‘ಯೆಸ್’ ಬಂದಿದೆ ಎನ್ನುವುದು, ಈ ಮೂರನ್ನೂ ಬರೆದಿಟ್ಟುಕೊಳ್ಳಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ.

ಇದ್ದ ಹಾಗೆ, ಅಗ್ಗದ ಎಚ್610 ಬೋರ್ಡಿನಲ್ಲಿ

ಇಂಟೆಲ್ ಕೊಟ್ಟ ಲೆಕ್ಕ ಹೀಗಿದೆ: ದೀರ್ಘಕಾಲದ ಮಿತಿ, ಅಂದರೆ ಪಿಎಲ್1, 65 ವ್ಯಾಟ್. ಅಲ್ಪಕಾಲದ ಪಿಎಲ್2, 117 ವ್ಯಾಟ್. ಅಲ್ಪಕಾಲ ಎಂದರೆ 28 ಸೆಕೆಂಡ್. ಆರೂ ಕೋರ್ 4.0ರಲ್ಲಿ ಓಡುವಾಗ ಸಿನೆಬೆಂಚ್‌ಗೆ ಬೇಕಾಗುವುದು ಸುಮಾರು 70 ವ್ಯಾಟ್. ಅಂದರೆ ಮಿತಿಗೆ ಒಂದು ಗೇಣು ಹೆಚ್ಚು, ಅಷ್ಟೇ. ಮಿತಿಯನ್ನು ಚಾಚೂ ತಪ್ಪದೆ ಪಾಲಿಸುವ ಬೋರ್ಡಿನಲ್ಲಿ ಅರ್ಧ ನಿಮಿಷದ ನಂತರ ವೇಗ 3.8–3.9ರ ಆಸುಪಾಸಿಗೆ ಇಳಿಯುತ್ತದೆ. ಆಟ ಆಡುವಾಗ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಹೆಚ್ಚಿನ ಆಟಗಳು 65 ವ್ಯಾಟ್ ಮುಟ್ಟುವುದೇ ಇಲ್ಲ. ವಿಡಿಯೊ ರೆಂಡರ್ ಮಾಡುವವರಿಗೆ ಮಾತ್ರ ಕಾಣುತ್ತದೆ.

ಪವರ್ ಲಿಮಿಟ್ ಏರಿಸುವುದು

ಇದು ಓವರ್‌ಕ್ಲಾಕ್ ಅಲ್ಲ, ಖರ್ಚು ಸೊನ್ನೆ. ಬಯಾಸ್‌ನಲ್ಲಿ (ಪಿಸಿ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪುಟದಲ್ಲಿ) ‘ಲಾಂಗ್ ಡ್ಯುರೇಷನ್ ಪವರ್ ಲಿಮಿಟ್’ ಎಂಬುದನ್ನು ಹುಡುಕಿ 65 ಇದ್ದದ್ದನ್ನು 95 ಅಥವಾ 117 ಮಾಡಿ, ಉಳಿಸಿ ಹೊರಬನ್ನಿ. ಮುಗಿಯಿತು. ಎಚ್610ಕ್ಕಿಂತ ಮೇಲಿನ ದರ್ಜೆಯ ಕೆಲವು ಬಿ660 ಬೋರ್ಡುಗಳು ಇದನ್ನು ತಾವಾಗಿಯೇ ಏರಿಸಿಟ್ಟಿರುತ್ತವೆ. ಅಂಥಲ್ಲಿ ಏರಿಸಲು ಏನೂ ಉಳಿದಿರುವುದಿಲ್ಲ.

ಸಿಗುವುದು ಪೂರ್ತಿ 4.0 ಮಾತ್ರ. ಅದಕ್ಕಿಂತ ಒಂದು ಮೆಗಾಹರ್ಟ್ಸ್ ಕೂಡ ಮೇಲಿಲ್ಲ, ಏಕೆಂದರೆ ತಡೆಯುತ್ತಿರುವುದು ಈಗ ಮಲ್ಟಿಪ್ಲೈಯರ್. ‘255 ವ್ಯಾಟ್ ಹಾಕಿದೆ, ಅಂಕ ಏರಲೇ ಇಲ್ಲ’ ಎಂದು ತಲೆ ಕೆರೆದುಕೊಳ್ಳುವವರಿಗೆ ಇದೇ ಉತ್ತರ. ಒಂದು ಎಚ್ಚರಿಕೆ: ವಿಆರ್‌ಎಂ, ಅಂದರೆ ಪ್ರೊಸೆಸರಿಗೆ ವಿದ್ಯುತ್ ಹದಮಾಡಿ ಕೊಡುವ ಭಾಗದ ಮೇಲೆ ಹೀಟ್‌ಸಿಂಕೇ ಇಲ್ಲದ ಎಚ್610 ಬೋರ್ಡುಗಳಲ್ಲಿ ಗಂಟೆಗಟ್ಟಲೆ ರೆಂಡರ್ ಹಚ್ಚಿದರೆ ಚಿಪ್ ತಣ್ಣಗಿದ್ದರೂ ವೇಗ ದಿಢೀರನೆ ಬಿದ್ದುಹೋಗಬಹುದು. ಆಗ ಬಿಸಿಯಾಗುತ್ತಿರುವುದು ಪ್ರೊಸೆಸರ್ ಅಲ್ಲ, ಅದರ ಪಕ್ಕದ ವಿಆರ್‌ಎಂನ ಮಾಸ್‌ಫೆಟ್‌ಗಳು. ಅಲ್ಲಿಗೆ ಗಾಳಿ ತಾಗುವಂತೆ ಕ್ಯಾಬಿನೆಟ್ಟಿನ ಹಿಂದೆ ಒಂದು ಫ್ಯಾನ್ ಕೂರಿಸಿ, ಅಥವಾ 80–90 ವ್ಯಾಟಿಗೆ ನಿಲ್ಲಿಸಿ.

ಬೇಸ್ ಕ್ಲಾಕ್ 100ರಿಂದ 103ಕ್ಕೆ

‘ಬೀಗದ ಚಿಪ್ಪನ್ನೂ ಓವರ್‌ಕ್ಲಾಕ್ ಮಾಡಬಹುದು’ ಎನ್ನುವವರು ಸಾಮಾನ್ಯವಾಗಿ ತೋರಿಸುವ ದಾರಿ ಇದು. ಲೆಕ್ಕ ನೋಡಿ: 40 × 103 = 4120. ಹೆಚ್ಚಾದದ್ದು 120 ಮೆಗಾಹರ್ಟ್ಸ್, ನೂರಕ್ಕೆ ಮೂರು. ಕೆಲವು ಬೋರ್ಡುಗಳಲ್ಲಿ ಈ ಆಯ್ಕೆಯೇ ಇಲ್ಲ; ಇದ್ದಲ್ಲೂ 102–103ರ ಹತ್ತಿರ ಗೋಡೆ.

ಬರುವ ತೊಂದರೆ ಮಾತ್ರ ನೂರಕ್ಕೆ ಮೂರರಷ್ಟೇ ಅಲ್ಲ. ಸಾಮಾನ್ಯ ಬೋರ್ಡಿನಲ್ಲಿ ಆ 100 ಮೆಗಾಹರ್ಟ್ಸ್ ಕೋರ್‌ಗಳಿಗೆ ಮಾತ್ರ ಸೇರಿದ್ದಲ್ಲ. ಗ್ರಾಫಿಕ್ಸ್ ಕಾರ್ಡ್, ಎನ್‌ವಿಎಂಇ ಡ್ರೈವ್ (ವೇಗದ ಎಸ್‌ಎಸ್‌ಡಿ), ಚಿಪ್‌ಸೆಟ್ಟಿಗೆ ಹೋಗುವ ಡಿಎಂಐ ಎಂಬ ದಾರಿ ಎಲ್ಲವೂ ಅದೇ ತಾಳಕ್ಕೆ ಕುಣಿಯುತ್ತವೆ. ಕೋರ್‌ಗಳು ತಡೆದುಕೊಂಡರೂ ಎನ್‌ವಿಎಂಇ ಡ್ರೈವ್ ಬೂಟ್ ಆಗುವಾಗ ಕಾಣೆಯಾಗಬಹುದು, ಯುಎಸ್‌ಬಿ ಹೆಡ್‌ಸೆಟ್ ಟಕಟಕ ಎನ್ನಬಹುದು. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ‘ವಿಯಾ-ಲಾಗರ್’ (WHEA-Logger) ಹೆಸರಿನಲ್ಲಿ 17ನೇ ಸಂಖ್ಯೆಯ ಎಚ್ಚರಿಕೆ ಸಾಲುಗಟ್ಟಿದರೆ ಗ್ರಾಫಿಕ್ಸ್ ಕಾರ್ಡ್, ಡ್ರೈವ್‌ಗಳನ್ನು ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ಸರಿಯಿಲ್ಲ ಎಂದರ್ಥ. 18 ಅಥವಾ 19 ಬಂದರೆ ಅನುಮಾನ ಪ್ರೊಸೆಸರಿನ ಮೇಲೆ. ನೂರಕ್ಕೆ ಮೂರರ ಆಸೆಗೆ ಡಿಸ್ಕಿನಲ್ಲಿರುವ ಫೋಟೊ, ಪ್ರಾಜೆಕ್ಟ್ ರಿಪೋರ್ಟ್ ಪಣಕ್ಕಿಡುವ ಈ ದಾರಿ ನಮ್ಮ ಹೋಲಿಕೆಯಲ್ಲಿ ಎಲ್ಲಕ್ಕಿಂತ ಕೆಳಗೆ.

ಪ್ರತ್ಯೇಕ ಕ್ಲಾಕ್ ಜನರೇಟರ್ ಇರುವ ಬೋರ್ಡ್

ವಿಡಿಯೊಗಳಲ್ಲಿ ಕಾಣುವ 5 ಗಿಗಾಹರ್ಟ್ಸ್ ನಿಜವೇ. ಆದರೆ ಅದು ನಡೆಯುವುದು ಕೋರ್‌ಗಳ ತಾಳವನ್ನು ಪಿಸಿಐ ಎಕ್ಸ್‌ಪ್ರೆಸ್‌ನ ತಾಳದಿಂದ ಬೇರ್ಪಡಿಸುವ ಹೆಚ್ಚುವರಿ ಚಿಪ್ ಇರುವ ಕೆಲವೇ ಬೋರ್ಡುಗಳಲ್ಲಿ. ಅಸೂಸ್ ರಾಗ್ ಸ್ಟ್ರಿಕ್ಸ್ ಬಿ660-ಜಿ, ಬಿ660-ಎಫ್ ಮತ್ತು ಡಿಡಿಆರ್4 ಬೇಕೆನ್ನುವವರಿಗೆ ಎಂಎಸ್‌ಐ ಬಿ660ಎಂ ಮಾರ್ಟರ್ ಮ್ಯಾಕ್ಸ್ ಈ ಸಾಲಿನವು. ಬಿ660 ಎಂದು ಡಬ್ಬಿಯ ಮೇಲೆ ಬರೆದ ಮಾತ್ರಕ್ಕೆ ಆಗುವುದಿಲ್ಲ.

ಅಲ್ಲಿ ಬೇಸ್ ಕ್ಲಾಕ್ 125ಕ್ಕೆ ಒಯ್ದರೆ 40 × 125 = 5000. ಇಲ್ಲಿ ಹೊಸಬರು ಎಡವುವುದು ರ್‍ಯಾಮ್‌ನಲ್ಲಿ. ಬೇಸ್ ಕ್ಲಾಕ್ ಏರಿದಂತೆ ರ್‍ಯಾಮ್‌ನ ವೇಗವೂ ಏರುತ್ತದೆ. 3200ರಲ್ಲಿ ಇಟ್ಟದ್ದು 125ರಲ್ಲಿ 4000 ಆಗಿ, ಮಾನಿಟರ್ ಕಪ್ಪಾಗಿ ಕೂರುತ್ತದೆ. ಮಾಡುವವರು ಪ್ರೊಸೆಸರ್ ತಡೆಯಲಿಲ್ಲ ಎಂದುಕೊಳ್ಳುತ್ತಾರೆ. ಮೊದಲು ರ್‍ಯಾಮ್ ಅನ್ನು 2666ಕ್ಕೆ ಇಳಿಸಿ. 125ರಲ್ಲಿ ಅದು 3333ರ ಹತ್ತಿರ ನಿಲ್ಲುತ್ತದೆ. ಕೋರ್‌ಗಳನ್ನು ಒಂದಕ್ಕೊಂದು ಜೋಡಿಸುವ ರಿಂಗ್‌ನ ಮಲ್ಟಿಪ್ಲೈಯರನ್ನೂ ಇಳಿಸಿ. ಆಮೇಲೆ 110, 115, 120 ಎಂದು ಮೆಟ್ಟಿಲು ಮೆಟ್ಟಿಲಾಗಿ ಹೋಗಿ.

ಇನ್ನು ಕಾವಿನ ಲೆಕ್ಕ. ವಿದ್ಯುತ್ ಬಳಕೆ ವೇಗಕ್ಕೆ ನೇರವಾಗಿ, ವೋಲ್ಟೇಜಿಗೆ ವರ್ಗದ ಪ್ರಮಾಣದಲ್ಲಿ ಏರುತ್ತದೆ. 4.0 ಗಿಗಾಹರ್ಟ್ಸ್‌ಗೆ 1.05 ವೋಲ್ಟ್, 5.0ಕ್ಕೆ 1.30 ವೋಲ್ಟ್ ಎಂದಿಟ್ಟುಕೊಂಡರೆ ವೇಗ 1.25 ಪಟ್ಟು, ವೋಲ್ಟೇಜಿನ ವರ್ಗ 1.53 ಪಟ್ಟು, ಗುಣಿಸಿದರೆ 1.9. ಎಪ್ಪತ್ತು ವ್ಯಾಟ್ ಇದ್ದದ್ದು 130 ದಾಟಿತು. ಕಾಲು ಭಾಗ ವೇಗಕ್ಕೆ ಸುಮಾರು ಇಮ್ಮಡಿ ಕಾವು! ಡಬ್ಬಿಯಲ್ಲಿ ಬಂದ ಚಿಕ್ಕ ಕೂಲರ್ ಇದನ್ನು ಹೊರುವುದಿಲ್ಲ. 100 ಡಿಗ್ರಿ ಮುಟ್ಟಿದೊಡನೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಕೊಟ್ಟ ದುಡ್ಡು ಹೊಳೆಯಲ್ಲಿ ಹೋಮ.

ಸಿನೆಬೆಂಚ್ ಅಂಕ 12,000 ಚಿಲ್ಲರೆಯಿಂದ 15,000ದ ಆಚೆ ಹೋಗುತ್ತದೆ ಎನ್ನುವುದನ್ನು ಒಪ್ಪಲೇಬೇಕು. ನೋಡಲು ಖುಷಿಯೂ ಹೌದು. ಆದರೆ ಇಂತಹ ಬೋರ್ಡಿನ ಬೆಲೆ ಸಾಮಾನ್ಯ ಬಿ660ಕ್ಕಿಂತ ಹೆಚ್ಚು, ಅದರ ಮೇಲೆ ದೊಡ್ಡ ಕೂಲರ್. ಅದೇ ದುಡ್ಡನ್ನು ಪ್ರೊಸೆಸರಿಗೇ ಹಾಕಿದರೆ ಎಂಟು ದೊಡ್ಡ ಕೋರ್, ನಾಲ್ಕು ಸಣ್ಣ ಕೋರ್ ಇರುವ 12700ಎಫ್ ಅದೇ ಸಾಕೆಟ್ಟಿನಲ್ಲಿ ಕೂರುತ್ತದೆ, ವಾರಂಟಿಯೂ ಉಳಿಯುತ್ತದೆ. ‘ಕೆ’ ಇಲ್ಲದ ಚಿಪ್‌ಗಳು ಓವರ್‌ಕ್ಲಾಕ್‌ಗೆಂದು ಮಾಡಿದವಲ್ಲ, ಹಾಗೆ ಮಾಡಿ ಹಾಳಾದರೆ ವಾರಂಟಿ ಸಿಗಲಿಕ್ಕಿಲ್ಲ ಎಂದು ಇಂಟೆಲ್ 2022ರಲ್ಲೇ ಎಚ್ಚರಿಸಿದೆ. ಹಿಂದೆ ಇಂಟೆಲ್‌ನ ಸ್ಕೈಲೇಕ್ ಚಿಪ್‌ಗಳ ಕಾಲದಲ್ಲೂ ಇದೇ ಕತೆ: 2015ರ ಕೊನೆಗೆ ಇಂಥದೇ ಕಿಂಡಿ ತೆರೆದಿತ್ತು, 2016ರಲ್ಲಿ ಮೈಕ್ರೋಕೋಡ್ (ಚಿಪ್ಪಿನ ಒಳಗಿನ ತಂತ್ರಾಂಶ) ಅಪ್‌ಡೇಟ್ ಬಂದು ಮುಚ್ಚಿತು. ಕಿಂಡಿಯನ್ನು ನಂಬಿ ಮನೆ ಕಟ್ಟುವುದು ಕಷ್ಟ ಮಾರಾಯ್ರೆ.

ರ್‍ಯಾಮ್: ದುಡ್ಡಿಗೆ ತಕ್ಕ ಫಲ ಇಲ್ಲೇ

ಬಜೆಟ್ ಪಿಸಿಗಳಲ್ಲಿ ಒಂದೇ ಸ್ಟಿಕ್ ಹಾಕಿ ಕೊಡುವುದು ಮಾಮೂಲು. ಡಿಡಿಆರ್4-3200ರ ಒಂದು ಸ್ಟಿಕ್ ಸೆಕೆಂಡಿಗೆ 25.6 ಗಿಗಾಬೈಟ್ ಸಾಗಿಸಬಲ್ಲದು, ಎರಡಿದ್ದರೆ 51.2. ಆಟದಲ್ಲಿ ಸರಾಸರಿ ಫ್ರೇಮ್‌ಗಿಂತ ನಡುನಡುವೆ ಬರುವ ಜರ್ಕ್ ಕಡಿಮೆಯಾಗುವುದು ಮೊದಲು ಗಮನಕ್ಕೆ ಬರುತ್ತದೆ. ಬೇಸ್ ಕ್ಲಾಕ್ 103 ಮಾಡಿ ಏನೇ ಗಳಿಸಿದರೂ ಇದರ ಹತ್ತಿರ ಸುಳಿಯುವುದಿಲ್ಲ.

ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಸ್ಟಿಕ್ಕನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಲು ಮರೆಯಬೇಡಿ. ಆನ್ ಮಾಡದೆ ವರ್ಷಗಟ್ಟಲೆ 2666ರಲ್ಲಿ ಓಡಿಸಿದ ಪಿಸಿಗಳು ಬೇಕಾದಷ್ಟಿವೆ. ಎಚ್610ರಲ್ಲಿ ಮಿತಿ 3200. ಅಲ್ಲಿಗೆ 3600ರ ಸ್ಟಿಕ್ ತಂದರೆ ಹೆಚ್ಚು ಕೊಟ್ಟ ದುಡ್ಡು ದಂಡ. ಬಿ660, ಬಿ760ರಲ್ಲಿ 3600 ಪ್ರಯತ್ನಿಸಬಹುದು, ಆದರೆ ‘ಕೆ’ ಇಲ್ಲದ ಚಿಪ್ಪಿನಲ್ಲಿ ಮೆಮೊರಿ ಕಂಟ್ರೋಲರ್‌ಗೆ ಹೋಗುವ ಸಿಸ್ಟಮ್ ಏಜೆಂಟ್ ವೋಲ್ಟೇಜಿಗೂ ಬೀಗ ಇರುವುದರಿಂದ ಆ ಕಂಟ್ರೋಲರ್ ಪೂರ್ತಿ ವೇಗದಲ್ಲಿ ಓಡುವ ಗೇರ್ 1ರಲ್ಲಿ 3466–3600ರ ನಡುವೆ ಎಲ್ಲೋ ನಿಂತುಬಿಡುತ್ತದೆ. 3600 ನಿಲ್ಲದಿದ್ದರೆ 3466ಕ್ಕೆ ಬನ್ನಿ, ಗೇರ್ 2ಕ್ಕೆ ಹೋಗಬೇಡಿ. ಅಲ್ಲಿ ಮೆಮೊರಿ ಕಂಟ್ರೋಲರ್ ಅರ್ಧ ವೇಗಕ್ಕೆ ಇಳಿದು ಡಿಡಿಆರ್4ನಲ್ಲಿ ಗಳಿಸಿದ್ದು ಅಲ್ಲೇ ಕಳೆದುಹೋಗುತ್ತದೆ. ಕೊನೆಗೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86ರ ನಾಲ್ಕು ಸುತ್ತು ರಾತ್ರಿ ಹಚ್ಚಿ ಮಲಗಿ. ಒಂದೇ ಒಂದು ತಪ್ಪು ಬಂದರೂ ಅದು ನಪಾಸು.

ಕರಾವಳಿಯವರಿಗೆ ಇನ್ನೊಂದು ಮಾತು. ಮಲ್ಪೆ, ಪಣಂಬೂರು, ಉಳ್ಳಾಲದ ಉಪ್ಪುಗಾಳಿ, ಅದರ ಮೇಲೆ ನಾಲ್ಕು ತಿಂಗಳ ಮಳೆಯ ತೇವ. ರ್‍ಯಾಮ್‌ನ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿ ಸಂಪರ್ಕ ತಪ್ಪುವುದು ಇಲ್ಲಿ ಸಾಮಾನ್ಯ. ಎಕ್ಸ್‌ಎಂಪಿ ಹಾಕಿದ ಮೇಲೆ ನೀಲಿ ಪರದೆ ಬಂದರೆ ವೇಗವನ್ನು ದೂರುವ ಮೊದಲು ಪ್ಲಗ್ ತೆಗೆದು, ಸ್ಟಿಕ್ ಕಳಚಿ, ಪೆನ್ಸಿಲ್ ರಬ್ಬರಿನಿಂದ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿ ನೋಡಿ.

ಕೂಲರ್, ಮತ್ತು ವೋಲ್ಟೇಜ್ ಇಳಿಸುವುದು

ಎಸಿ ಕೋಣೆಯಲ್ಲಿ, 24 ಡಿಗ್ರಿಯಲ್ಲಿ ತೆಗೆದ ಕಾವಿನ ಅಂಕಿಗಳನ್ನು ನಂಬಬೇಡಿ. ಏಪ್ರಿಲ್–ಮೇಯಲ್ಲಿ ನಮ್ಮ ಕೋಣೆ 33 ಇರುತ್ತದೆ. ಅಲ್ಲಿ 72 ಎಂದದ್ದು ಇಲ್ಲಿ 81 ಎಂದು ಓದಿಕೊಳ್ಳಬೇಕು. ನೂರರ ಗೋಡೆ ಮಾತ್ರ ಎರಡೂ ಕಡೆ ಒಂದೇ. 120 ಮಿಲಿಮೀಟರ್ ಫ್ಯಾನಿನ ಒಂಟಿ ಟವರ್ ಕೂಲರ್, ಡೀಪ್‌ಕೂಲ್ ಎಜಿ400ನಂಥದ್ದು, ಈ ಚಿಪ್ಪಿಗೆ ಧಾರಾಳ ಸಾಕು. ಅದರಿಂದ ಸಿನೆಬೆಂಚ್ ಅಂಕ ಹೇಳಿಕೊಳ್ಳುವಷ್ಟು ಏರುವುದಿಲ್ಲ. ಇಳಿಯುವುದು ಸದ್ದು ಮತ್ತು ಕಾವು. ಹಳೆಯ ಎಲ್‌ಜಿಎ 1151 ಅಥವಾ 1200 ಸಾಕೆಟ್ಟಿನ ಕೂಲರ್ ಮನೆಯಲ್ಲಿದ್ದರೆ ಹಾಗೇ ಕೂರುವುದಿಲ್ಲ. ಆಗ ತೂತುಗಳ ಅಂತರ 75 ಮಿಲಿಮೀಟರ್ ಇತ್ತು, ಈ ಚಿಪ್ಪಿನ 1700 ಸಾಕೆಟ್ಟಿನಲ್ಲಿ 78. ಒತ್ತಿ ಕೂರಿಸಲು ಹೋದರೆ ಪಿನ್ ಮುರಿಯುತ್ತದೆ, ಇಲ್ಲವೇ ಒಂದು ಮೂಲೆ ಎದ್ದು ನಿಲ್ಲುತ್ತದೆ.

ವೋಲ್ಟೇಜ್ ನೇರವಾಗಿ ಇಳಿಸಲು ಬಹುತೇಕ ಬಿ660 ಬೋರ್ಡುಗಳು ಬಿಡುವುದಿಲ್ಲ. ಬದಲಿಗೆ ಎಸಿ ಲೋಡ್‌ಲೈನ್ (ಭಾರ ಬಿದ್ದಾಗ ಚಿಪ್ ಎಷ್ಟು ವೋಲ್ಟೇಜ್ ಕೇಳಬೇಕು ಎನ್ನುವ ಸೆಟ್ಟಿಂಗ್) ಇಳಿಸಬಹುದು. ಎಂಎಸ್‌ಐ ಬೋರ್ಡಿನಲ್ಲಿ ಅದರ ಹೆಸರು ‘ಸಿಪಿಯು ಲೈಟ್ ಲೋಡ್’. ಒಂದೊಂದೇ ಅಂಕೆ ಇಳಿಸುತ್ತ ಪ್ರತಿ ಸಲ ಸಿನೆಬೆಂಚ್ ಓಡಿಸಿ. ಕಾವು ಇಳಿದು ಅಂಕ ಹಾಗೇ ಉಳಿದರೆ ಸರಿ. ಕಾವೂ ಅಂಕವೂ ಒಟ್ಟಿಗೆ ಇಳಿದರೆ, ಪರದೆಯಲ್ಲಿ 4.0 ಎಂದು ತೋರಿಸುತ್ತಿದ್ದರೂ ವೋಲ್ಟೇಜ್ ಸಾಲದಾದಾಗ ಎಚ್ಚೆತ್ತುಕೊಳ್ಳುವ, ಚಿಪ್ಪಿನ ಒಳಗಿನ ಸಿಇಪಿ ರಕ್ಷಣೆ ಕೆಲಸವನ್ನು ನಿಧಾನಿಸುತ್ತಿದೆ ಎಂದರ್ಥ. ಎರಡು ಅಂಕೆ ಮೇಲೆ ಬಂದು ನಿಲ್ಲಿಸಿ.

ಬೀಗವೇ ಇಲ್ಲದ ರೈಜನ್ 5 5600

ಇನ್ನೂ ಏನೂ ಕೊಳ್ಳದವರಿಗೆ ಮಾತ್ರ ಈ ಹೋಲಿಕೆ. ಎಎಂಡಿ ಕಂಪನಿಯ ಈ ಚಿಪ್ಪೂ ಆರು ಕೋರ್, 4.4 ಗಿಗಾಹರ್ಟ್ಸ್, 32 ಮೆಗಾಬೈಟ್ ಎಲ್3 ಕ್ಯಾಶ್. ಬಿ450 ಅಥವಾ ಬಿ550 ಬೋರ್ಡ್ ಇರಲಿ. ಎ520 ಓವರ್‌ಕ್ಲಾಕ್‌ಗೆ ಅಲ್ಲ. ಎಲ್ಲ ಕೋರ್‌ಗಳನ್ನೂ ಒಂದೇ ವೇಗಕ್ಕೆ ಕಟ್ಟಿಹಾಕುವ ಹಳೇ ಶೈಲಿ ಬಿಟ್ಟು ಪಿಬಿಒ (ಚಿಪ್ ತಾನೇ ಹೆಚ್ಚು ವೇಗ ಹಿಡಿಯಲು ಬಿಡುವ ಸೆಟ್ಟಿಂಗ್) ಆನ್ ಮಾಡಿ, ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಜರ್‌ನಲ್ಲಿ ಎಲ್ಲ ಕೋರ್‌ಗೂ ಮೈನಸ್ 10ರಿಂದ ಶುರುಮಾಡಿ. ಅಲ್ಲಿ ಒಂದು ಅಂಕೆ ಎಂದರೆ 3ರಿಂದ 5 ಮಿಲಿವೋಲ್ಟ್. ವಿಚಿತ್ರವೆಂದರೆ ಇದು ಭಾರ ಹೊತ್ತಾಗ ಬೀಳುವುದಿಲ್ಲ. ಸುಮ್ಮನೆ ಬ್ರೌಸರ್ ತೆರೆದಿಟ್ಟು ಊಟಕ್ಕೆ ಹೋದಾಗ ರೀಸ್ಟಾರ್ಟ್ ಆಗಿರುತ್ತದೆ. ಹಾಗಾಗಿ ಸಿನೆಬೆಂಚ್ ಪಾಸಾದ ಮಾತ್ರಕ್ಕೆ ನಂಬದೆ ಎರಡು ಮೂರು ದಿನ ದಿನಬಳಕೆಯಲ್ಲಿ ನೋಡಿ. ಓವರ್‌ಕ್ಲಾಕ್ ಮಾಡುವ ಹುಚ್ಚು ನಿಜವಾಗಿ ಇದ್ದರೆ ಅದನ್ನು ತೀರಿಸಿಕೊಳ್ಳಲು ಇದು ಸರಿಯಾದ ಜಾಗ.

ಯುಪಿಎಸ್ ಮರೆಯಬೇಡಿ

ಮನೆಗಳಲ್ಲಿ ಹೆಚ್ಚಾಗಿ ಇರುವುದು 600 ವಿಎ ಯುಪಿಎಸ್, ಅದರ ನಿಜವಾದ ತಾಕತ್ತು 360 ವ್ಯಾಟ್. 170 ವ್ಯಾಟಿನ ಆರ್‌ಟಿಎಕ್ಸ್ 3060, ಮಾನಿಟರ್, 70 ವ್ಯಾಟಿನ ಪ್ರೊಸೆಸರ್, ಉಳಿದದ್ದೆಲ್ಲ ಸೇರಿ 300ರ ಸುತ್ತ. ಅದಕ್ಕೆ 5 ಗಿಗಾಹರ್ಟ್ಸ್‌ನ 60 ವ್ಯಾಟ್ ಕೂಡಿಸಿ. ಗುಡುಗು ಶುರುವಾಗಿ ಕರೆಂಟು ಹೋದ ಕ್ಷಣ ಯುಪಿಎಸ್ ಒಮ್ಮೆ ಚೀರಿ ಆಫ್ ಆಗುತ್ತದೆ, ಉಳಿಸದ ಕೆಲಸ ಅಲ್ಲಿಗೇ ಮುಗಿಯಿತು. ಬಯಾಸ್ ಬದಲಾವಣೆಗಳನ್ನೂ ಇಂಥ ಸಂಜೆಗಳಲ್ಲಿ ಮಾಡಬೇಡಿ, ಬಯಾಸ್ ಅಪ್‌ಡೇಟ್ ಅಂತೂ ಮುಟ್ಟಲೇಬೇಡಿ. ತಪ್ಪು ಸೆಟ್ಟಿಂಗಿನಿಂದ ಪರದೆ ಬರದಿದ್ದರೆ ಪ್ಲಗ್ ಎಳೆದು, ಬೋರ್ಡಿನ ಮೇಲಿನ ಸಿಆರ್2032 ಸೆಲ್ ಐದು ನಿಮಿಷ ತೆಗೆದಿಡಿ. ಅಥವಾ ಬಯಾಸ್ ಸೆಟ್ಟಿಂಗ್ ಅಳಿಸುವ ಸಿಮಾಸ್ ಕ್ಲಿಯರ್ ಪಿನ್‌ಗಳೆರಡನ್ನು ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಜೋಡಿಸಿ. ಮತ್ತೆ ಆನ್ ಆದಾಗ ಎಕ್ಸ್‌ಎಂಪಿ, ಪವರ್ ಲಿಮಿಟ್ ಎರಡೂ ಮೊದಲಿನಂತಾಗಿರುತ್ತವೆ, ಪುನಃ ಹಾಕಬೇಕು.